ಗ್ಲಾಸು ಇಳಿಯುತ್ತದೆ, ಏರುವುದಿಲ್ಲ

ಪ್ರಶ್ನೆ: ಕಾರಿಗೆ ಒಂಬತ್ತು ವರ್ಷ. ಮುಂದಿನ ಎಡ ಬಾಗಿಲಿನ ಗ್ಲಾಸು ಸಲೀಸಾಗಿ ಇಳಿಯುತ್ತದೆ, ಮೇಲಕ್ಕೆ ಮಾತ್ರ ಬರುವುದಿಲ್ಲ. ಡ್ರೈವರ್ ಕಡೆಯ ಸ್ವಿಚ್ಚಿನಿಂದಲೂ ಇಲ್ಲ, ಆ ಬಾಗಿಲಿನ ಸ್ವಿಚ್ಚಿನಿಂದಲೂ ಇಲ್ಲ. ಮೋಟರು ಹೋಗಿದೆ ಎಂದು ಗ್ಯಾರೇಜಿನಲ್ಲಿ ಹೇಳಿದರು. ಹೌದೇ?
– ಓದುಗರು, ವಿಜಯನಗರ

ಉತ್ತರ: ಮೋಟರಿಗೆ ದುಡ್ಡು ಕೊಡುವ ಮುಂಚೆ ಸ್ವಲ್ಪ ತಡೆಯಿರಿ. ಇಳಿಸುವುದೂ ಏರಿಸುವುದೂ ಅದೇ ಒಂದು ಮೋಟರು, ಅದೇ ಎರಡು ವೈರು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ತಿರುಗುವ ದಿಕ್ಕು ಬದಲಾಗುತ್ತದೆ, ಅಷ್ಟೆ. ಫ್ಯೂಸು ಹೋಗಿದ್ದರೆ ಅಥವಾ ಮೋಟರಿನ ವೈರು ತುಂಡಾಗಿದ್ದರೆ ಇಳಿಯುವುದೂ ನಿಲ್ಲಬೇಕಿತ್ತು.

ಮೊದಲು ಕಿವಿಗೊಟ್ಟು ಕೇಳಿ. ಇಗ್ನಿಷನ್ ಆನ್ ಮಾಡಿ, ಒಳಗಿನ ಲೈಟು ಹಾಕಿ, ಸ್ವಿಚ್ಚನ್ನು ಮೇಲಕ್ಕೆ ಎತ್ತಿ ಹಿಡಿಯಿರಿ. ಮೋಟರು ಮುಲುಗಿ ಲೈಟು ತುಸು ಮಂಕಾದರೆ ಕರೆಂಟು ತಲುಪುತ್ತಿದೆ, ಗ್ಲಾಸು ತಾನು ಜಾರುವ ಗಾಡಿಯಲ್ಲಿ, ಅಂದರೆ ರಬ್ಬರ್ ಚಾನೆಲ್ಲಿನಲ್ಲಿ, ಬಿಗಿಯಾಗಿದೆ ಎಂದರ್ಥ. ಇಳಿಯುವಾಗ ಗ್ಲಾಸಿನ ಭಾರವೇ ನೆರವಿಗೆ ಬರುತ್ತದೆ, ಏರುವಾಗ ಎಲ್ಲವನ್ನೂ ಮೋಟರೇ ಹೊರಬೇಕು. ಸದ್ದೇ ಇಲ್ಲ, ಲೈಟೂ ಅಲುಗಲಿಲ್ಲ ಎಂದಾದರೆ ಅನುಮಾನ ನೇರವಾಗಿ ಡ್ರೈವರ್ ಬಾಗಿಲಿನಲ್ಲಿ ಎಲ್ಲ ಗ್ಲಾಸುಗಳನ್ನೂ ನಡೆಸುವ ಮಾಸ್ಟರ್ ಸ್ವಿಚ್ಚಿನ ಮೇಲೆ.

ಕಾರಣ ಹೇಳುತ್ತೇವೆ. ಸಾದಾ ವೈರಿಂಗ್ ಇರುವ ಕಾರುಗಳಲ್ಲಿ ಯಾವ ಸ್ವಿಚ್ಚೂ ಒತ್ತದಿದ್ದಾಗ ಮೋಟರಿನ ಎರಡೂ ವೈರುಗಳು ಮಾಸ್ಟರ್ ಸ್ವಿಚ್ಚಿನ ಮೂಲಕ ಅರ್ತ್ ಆಗಿರುತ್ತವೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ ಸೇರಿರುತ್ತವೆ. ನೀವು ಎಡ ಬಾಗಿಲಿನ ಸ್ವಿಚ್ಚನ್ನೇ ಎತ್ತಿದರೂ 'ಏರು' ವೈರಿಗೆ 12 ವೋಲ್ಟ್ ಹೋಗುತ್ತದೆ, 'ಇಳಿ' ವೈರಿನ ಅರ್ತ್ ಮಾತ್ರ ಮಾಸ್ಟರ್ ಸ್ವಿಚ್ಚಿನ ಒಳಗಿನಿಂದಲೇ ಬರಬೇಕು. ಆ ಒಂದು ಕಾಂಟ್ಯಾಕ್ಟು ಸುಟ್ಟು ಕಪ್ಪಾಗಿದ್ದರೆ ಎರಡೂ ಕಡೆಯಿಂದ ಏರುವುದು ನಿಲ್ಲುತ್ತದೆ, ಇಳಿಯುವುದು ಮುಂದುವರಿಯುತ್ತದೆ. ನಿಮ್ಮ ತೊಂದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇದೇ.

ಖಚಿತಪಡಿಸಿಕೊಳ್ಳಲು ಎಡ ಬಾಗಿಲಿನ ಡೋರ್ ಪ್ಯಾಡ್ (ಒಳಬದಿಯ ಹೊದಿಕೆ) ತೆಗೆದು ಮೋಟರಿನ ಎರಡು ಪಿನ್ನಿನ ಕನೆಕ್ಟರ್ ಬಿಚ್ಚಿ. ಮಲ್ಟಿಮೀಟರ್ ಒಂದನ್ನೇ ನಂಬಬೇಡಿ. ತುಕ್ಕು ಹಿಡಿದು ಒಂದೇ ಎಳೆಯಲ್ಲಿ ನಿಂತ ವೈರೂ ಲೋಡ್ ಇಲ್ಲದಾಗ, ಅಂದರೆ ಕರೆಂಟು ಎಳೆಯುವುದೇನೂ ಇಲ್ಲದಾಗ, 12 ವೋಲ್ಟ್ ತೋರಿಸುತ್ತದೆ. ಇಂಡಿಕೇಟರಿನ 21 ವ್ಯಾಟ್ ಬಲ್ಬನ್ನು ಆ ಎರಡು ಪಿನ್ನಿಗೆ ಹಚ್ಚಿ ಸ್ವಿಚ್ಚನ್ನು ಎರಡೂ ಕಡೆ ಒತ್ತಿ. ಇಳಿಸುವಾಗ ಪ್ರಖರವಾಗಿ ಉರಿದು ಏರಿಸುವಾಗ ಉರಿಯದಿದ್ದರೆ ಮೋಟರು ನಿರಪರಾಧಿ. ಮಾಸ್ಟರ್ ಸ್ವಿಚ್ಚಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಹತ್ತಾರು ಸಲ ಒತ್ತಿ ನೋಡಿ. ತಾಮ್ರ ಗುಳಿಬಿದ್ದಿದ್ದರೆ ಹೊಸದೇ ಬೇಕು.

ಹೊಸ ಸ್ವಿಚ್ಚು ಹಾಕುವ ದಿನವೇ ಚಾನೆಲ್ಲನ್ನೂ ಶುಚಿ ಮಾಡಿ. ಚಪ್ಪಟೆ ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಉದ್ದಕ್ಕೂ ಒರೆಸಿ, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ತೆಳುವಾಗಿ ಹೊಡೆಯಿರಿ. ಎಣ್ಣೆ, ಗ್ರೀಸು ಬೇಡವೇ ಬೇಡ. ರಬ್ಬರು ಉಬ್ಬುತ್ತದೆ, ನಮ್ಮ ಮೆಟ್ರೋ ಕಾಮಗಾರಿಯ ಧೂಳೆಲ್ಲ ಅಲ್ಲೇ ಅಂಟಿ ಕೂರುತ್ತದೆ. ಗ್ಲಾಸು ಬಿಗಿಯಾದಷ್ಟೂ ಮೋಟರು ಹೆಚ್ಚು ಆಂಪಿಯರ್ ಎಳೆಯುತ್ತದೆ. ಸ್ವಿಚ್ಚು ಸುಡುವುದು ಅದರಿಂದಲೇ.

ಪ್ರಶ್ನೆ: ಡ್ರೈವರ್ ಬಾಗಿಲು ತೆರೆದಿದ್ದರೆ ನಾಲ್ಕೂ ಗ್ಲಾಸು ಕೆಲಸ ಮಾಡುತ್ತವೆ. ಮುಚ್ಚಿದರೆ ಒಂದೂ ಇಲ್ಲ.
– ಓದುಗರು, ಯಲಹಂಕ

ಉತ್ತರ: ಬಾಗಿಲಿಗೂ ಬಾಡಿಗೂ ನಡುವೆ ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಇದೆಯಲ್ಲ, ಅದನ್ನು ಸರಿಸಿ ನೋಡಿ. ಅತಿ ಹೆಚ್ಚು ಸಲ ತೆರೆದು ಮುಚ್ಚುವುದು ಡ್ರೈವರ್ ಬಾಗಿಲನ್ನೇ, ಹಾಗಾಗಿ ಮಡಚಿ ಮಡಚಿ ವೈರು ಒಳಗೇ ತುಂಡಾಗಿರುತ್ತದೆ. ಬಾಗಿಲು ತೆರೆದಾಗ ತುಂಡಾದ ತುದಿಗಳು ತಾಗುತ್ತವೆ, ಮುಚ್ಚಿದಾಗ ಬಿಟ್ಟುಕೊಳ್ಳುತ್ತವೆ. ಮಾಸ್ಟರ್ ಸ್ವಿಚ್ಚಿಗೆ ಹೋಗುವ ದಪ್ಪ ಪ್ಲಸ್ ವೈರು ಅಥವಾ ಅರ್ತ್ ವೈರನ್ನು ಮೊದಲು ಎಳೆದು ನೋಡಿ. ಹಿಗ್ಗಿದಂತೆ ಬಂದರೆ ಅದೇ. ಬರಿದೇ ಹೊಸೆದು ಟೇಪು ಸುತ್ತಿದರೆ ನಿಲ್ಲುವುದಿಲ್ಲ. ಅದೇ ದಪ್ಪದ, ಬಹು ಎಳೆಗಳ ಮೆದು ವೈರನ್ನು ಸೇರಿಸಿ, ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ. ಜೋಡಣೆ ಮಡಚುವ ಜಾಗದಲ್ಲಿ ಬರದಿರಲಿ.

ಪ್ರಶ್ನೆ: ಬ್ಯಾಟರಿ ಬದಲಿಸಿದ ಮೇಲೆ ಡ್ರೈವರ್ ಗ್ಲಾಸು ಒಂದೇ ಒತ್ತಿಗೆ ಮೇಲೆ ಹೋಗುತ್ತಿಲ್ಲ.
– ಓದುಗರು, ಕೆಂಗೇರಿ

ಉತ್ತರ: ಕೆಟ್ಟಿಲ್ಲ, ಮರೆತಿದೆ. ಕೈ ಸಿಕ್ಕಿಕೊಂಡರೆ ಹಿಂದಿರುಗುವ ವ್ಯವಸ್ಥೆ ಇರುವ ಹಲವು ಕಾರುಗಳಲ್ಲಿ ಬ್ಯಾಟರಿ ಬಿಚ್ಚಿದಾಗ ಗ್ಲಾಸಿನ ಮೇಲಿನ ಮಿತಿ ಅಳಿಸಿಹೋಗುತ್ತದೆ. ಇಗ್ನಿಷನ್ ಆನ್ ಮಾಡಿ ಗ್ಲಾಸು ಪೂರ್ತಿ ಇಳಿಸಿ, ಆಮೇಲೆ ಸ್ವಿಚ್ಚು ಎತ್ತಿಯೇ ಹಿಡಿದು ಪೂರ್ತಿ ಮುಚ್ಚಿದ ನಂತರವೂ ಕೆಲವು ಸೆಕೆಂಡು ಬಿಡದೆ ಹಿಡಿಯಿರಿ. ಎಷ್ಟು ಸೆಕೆಂಡು ಎಂಬುದು ಮಾಡೆಲ್ಲಿಂದ ಮಾಡೆಲ್ಲಿಗೆ ಬೇರೆ, ಕೈಪಿಡಿಯಲ್ಲಿ ಇರುತ್ತದೆ. ಈ ಹೊತ್ತಿನಲ್ಲಿ ಹಿಂದಿರುಗುವ ರಕ್ಷಣೆ ಇರದೇ ಹೋಗಬಹುದು, ಮಕ್ಕಳ ಕೈ ಹತ್ತಿರ ಬರದಂತೆ ನೋಡಿಕೊಳ್ಳಿ.

ಪ್ರಶ್ನೆ: ಹಿಂದಿನ ಗ್ಲಾಸು 'ಟಕ್' ಎಂದು ಸದ್ದಾಗಿ ಬಾಗಿಲಿನೊಳಗೆ ಬಿದ್ದುಹೋಯಿತು. ಮೋಟರು ತಿರುಗುತ್ತಿದೆ. ದಿನಾ ಸಂಜೆ ಮಳೆ ಬೇರೆ.
– ಓದುಗರು, ವೈಟ್‌ಫೀಲ್ಡ್

ಉತ್ತರ: ಆ ಸ್ವಿಚ್ಚು ಮತ್ತೆ ಒತ್ತಬೇಡಿ. ಗ್ಲಾಸನ್ನು ಏರಿಸಿ ಇಳಿಸುವ ಯಂತ್ರಭಾಗವಾದ ರೆಗ್ಯುಲೇಟರಿನ ಉಕ್ಕಿನ ಕೇಬಲ್ಲೋ, ಗ್ಲಾಸನ್ನು ಹಿಡಿದ ಪ್ಲಾಸ್ಟಿಕ್ ಕ್ಲಿಪ್ಪೋ ಮುರಿದಿದೆ. ಮೋಟರು ತಿರುಗಿದಷ್ಟೂ ಕೇಬಲ್ಲು ಡ್ರಮ್ಮಿಗೆ ಗಂಟು ಹಾಕಿಕೊಳ್ಳುತ್ತದೆ. ಇವತ್ತಿನ ಮಟ್ಟಿಗೆ ಪ್ಯಾಡ್ ತೆಗೆದು, ದಪ್ಪ ಕೈಗವಸು ಹಾಕಿಕೊಂಡು ಗ್ಲಾಸನ್ನು ಮೇಲೆತ್ತಿ, ಅಗಲ ಟೇಪನ್ನು ಒಳಗಿನಿಂದ ಗ್ಲಾಸಿನ ಮೇಲಂಚು ದಾಟಿಸಿ ಗ್ಲಾಸಿನ ಹೊರಮೈಗೆ ಅಂಟಿಸಿ, ಹಾಗೆಯೇ ಬಾಗಿಲಿನ ಚೌಕಟ್ಟಿಗೂ ಹಿಡಿಸಿ. ಕೆಳಗೆ ಮರದ ತುಂಡೊಂದನ್ನು ಆನಿಸಿದರೆ ಇನ್ನೂ ಭದ್ರ.

ಬರೀ ಕೇಬಲ್ಲು ಕಟ್ಟಿಸುವುದಕ್ಕಿಂತ ರೆಗ್ಯುಲೇಟರ್ ಸೆಟ್ಟನ್ನೇ ಬದಲಿಸುವುದು ಲೇಸು. ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೆಯದನ್ನು ಬಿಚ್ಚಿ ಜೊತೆಗೇ ಒಯ್ಯಿರಿ. ಎಡವೋ ಬಲವೋ, ಮೋಟರು ಸೇರಿದೆಯೋ ಇಲ್ಲವೋ, ಕನೆಕ್ಟರಿನ ಪಿನ್ನುಗಳೆಷ್ಟು, ಬೋಲ್ಟಿನ ತೂತುಗಳು ಕೂಡುತ್ತವೆಯೋ, ಇಷ್ಟನ್ನೂ ಅಂಗಡಿಯಲ್ಲೇ ಪಕ್ಕಪಕ್ಕ ಇಟ್ಟು ನೋಡಿ. ಕೂರಿಸಿದ ಮೇಲೆ ಗ್ಲಾಸಿನ ಬೋಲ್ಟುಗಳನ್ನು ಸಡಿಲವಾಗಿ ಹಾಕಿ ಪೂರ್ತಿ ಮೇಲೇರಿಸಿ, ಗ್ಲಾಸು ಚಾನೆಲ್ಲಿನಲ್ಲಿ ನೆಟ್ಟಗೆ ಕೂತ ಬಳಿಕ ಬಿಗಿಸಬೇಕು.

ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಎಸೆಯಲು ಬಿಡಬೇಡಿ, ಬ್ಯುಟೈಲ್ ಟೇಪಿನಿಂದ (ಅಂಟಂಟಾದ ರಬ್ಬರ್ ಟೇಪು) ಸುತ್ತಲೂ ಮತ್ತೆ ಅಂಟಿಸಿಸಿ. ಗ್ಲಾಸಿನ ಮೇಲಿಂದ ಇಳಿದ ಮಳೆನೀರು ಬಾಗಿಲಿನ ಅಡಿಯ ತೂತುಗಳಿಂದ ಹೊರಹೋಗುವ ಬದಲು ಕಾರಿನೊಳಗೆ ಬರದಂತೆ ತಡೆಯುವುದು ಆ ಹಾಳೆಯೇ. ಅಡಿಯ ತೂತುಗಳಲ್ಲಿ ಮಣ್ಣು ಕಟ್ಟಿದ್ದರೆ ತೆಳು ಕಡ್ಡಿಯಿಂದ ಬಿಡಿಸಿಕೊಳ್ಳಿ.