ಸಾಲಾಗಿ ಕೂರದ ಮಕ್ಕಳು ಏನು ಕಲಿಯುತ್ತಾರೆ?

ಓದುಗರ ಪತ್ರ: ನನ್ನ ಮೊಮ್ಮಗಳು ನಮ್ಮೂರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಒಂದನೇ ತರಗತಿ. ಶಾಲೆಗೆ ಸೇರಿ ಮೂರು ತಿಂಗಳಾದರೂ ಅ ಆ ಇ ಈ ಹೇಳಲು ಬರುವುದಿಲ್ಲ. ಏನು ನಡೆಯುತ್ತಿದೆ ನೋಡೋಣ ಅಂತ ಒಂದು ದಿನ ಶಾಲೆಗೆ ಹೋದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂತಿದ್ದರು. ಅಕ್ಕೋರು ಒಂದು ಗುಂಪಿನ ಜೊತೆ ಮಾತ್ರ ಇದ್ದರು. ಉಳಿದ ಮಕ್ಕಳು ಕೈಯಲ್ಲಿ ಕಾರ್ಡು ಹಿಡಿದು ಗಲಾಟೆ ಮಾಡುತ್ತಿದ್ದರು. ಕಾಪಿ ಬರೆಸುವುದಿಲ್ಲ, ಪರೀಕ್ಷೆ ಇಲ್ಲ. ಇದು ಶಾಲೆಯೋ ಆಟದ ಮನೆಯೋ? ಮಗ ಪೇಟೆಯ ಕಾನ್ವೆಂಟಿಗೆ ಹಾಕೋಣ ಅನ್ನುತ್ತಿದ್ದಾನೆ. ನೀವೇನು ಹೇಳುತ್ತೀರಿ?
– ಹಾವೇರಿ ಜಿಲ್ಲೆಯ ಒಬ್ಬ ರೈತ ಅಜ್ಜ

ಸಂಪಾದಕರ ಉತ್ತರ:

ಹಿರಿಯರಿಗೆ ನಮಸ್ಕಾರ.

ಮೊಮ್ಮಗಳ ಓದಿನ ಚಿಂತೆಯಲ್ಲಿ ಸುಮ್ನೆ ಮನೆಯಲ್ಲಿ ಕೂರದೆ, ಶಾಲೆಗೇ ಹೋಗಿ ಕಣ್ಣಾರೆ ನೋಡಿ ಬಂದಿದ್ದೀರಿ. ಅದಕ್ಕೇ ನಿಮ್ಮ ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಸಾಲದು ಅನ್ನಿಸಿತು. ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈಗಲೇ ಶಾಲೆ ಬಿಡಿಸಬೇಡಿ. ಇನ್ನೊಂದು ಸಲ ಹೋಗಿ. ಈ ಸಲ ಇಡೀ ಕೋಣೆಯನ್ನು ನೋಡಬೇಡಿ, ನಿಮ್ಮ ಮೊಮ್ಮಗಳೊಬ್ಬಳನ್ನೇ ನೋಡಿ. ಅವಳು ಯಾವ ಕಾರ್ಡು ತೆಗೆದುಕೊಂಡಳು, ಎಲ್ಲಿ ಹೋಗಿ ಕೂತಳು, ಏನು ಮಾಡಿದಳು, ತಿಳಿಯದಿದ್ದಾಗ ಯಾರನ್ನು ಕೇಳಿದಳು ಅನ್ನುವುದನ್ನು ಗಮನಿಸಿ. ಕಾನ್ವೆಂಟಿನ ಮಾತು ಆಮೇಲೆ.

ನೀವು ನೋಡಿದ್ದು ನಲಿ-ಕಲಿ ತರಗತಿ, ಅಂದರೆ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಇದು ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಅನ್ನುವ ಶಾಲೆಗೆ ಹೋಗಿ, ಸುತ್ತಲಿನ ಹಳ್ಳಿಗಳ ಪುಟ್ಟ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವು ಸಿಕ್ಕಿತು. ನಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನು ಶಿಕ್ಷಕರೇ ಕೂತು ಮಾಡಿದರು. 2009-10ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ತರಗತಿಗಳಿಗೆ ಬಂತು. ಹಳ್ಳಿ ಶಾಲೆಯ ಕಷ್ಟ ಗೊತ್ತಿದ್ದ ಮೇಷ್ಟ್ರುಗಳು ಸೇರಿ ಕಟ್ಟಿದ ಪದ್ಧತಿ ಇದು.

ಆ ಕಷ್ಟ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಸುಗ್ಗಿ ಬಂತು ಅಂದರೆ ಮಕ್ಕಳು ಹೊಲಕ್ಕೆ. ಹತ್ತಿ ಬಿಡಿಸುವ ಕಾಲಕ್ಕೆ, ಮೆಣಸಿನಕಾಯಿ ಹರಿಯುವ ಕಾಲಕ್ಕೆ ಅಪ್ಪ ಅಮ್ಮನ ಜೊತೆ ಮಗುವೂ ಹೋಗುತ್ತಿತ್ತು. ಜಾತ್ರೆ, ಮದುವೆ, ಜ್ವರ, ಹಿಂದೆಯೇ ಹುಟ್ಟಿದ ತಮ್ಮನನ್ನು ನೋಡಿಕೊಳ್ಳುವುದು, ಹೀಗೆ ಹದಿನೈದು ದಿನ ತಪ್ಪಿಸಿಕೊಂಡು ಬರುವಷ್ಟರಲ್ಲಿ ಪಾಠ ಮೂರು ಪುಟ ಮುಂದೆ ಹೋಗಿರುತ್ತಿತ್ತು. ಮಗುವಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಎರಡು ಸಲ ಹೀಗಾದರೆ ಸಾಕು, ಮೂರನೇ ಸಲ ಅದು ಶಾಲೆಗೇ ಬರುತ್ತಿರಲಿಲ್ಲ. 'ದಡ್ಡ' ಅನ್ನಿಸಿಕೊಂಡು ಎಮ್ಮೆ ಹಿಂದೆ ಹೋದ ಎಷ್ಟು ಮಂದಿಯನ್ನು ನಿಮ್ಮ ಕಾಲದಲ್ಲಿ ನೀವೇ ನೋಡಿಲ್ಲ?

ನಲಿ-ಕಲಿ ಕೋಣೆಯ ಗೋಡೆ ಮೇಲೆ ಒಂದು ಕಲಿಕಾ ಏಣಿ ಇರುತ್ತದೆ. ಇನ್ನೊಂದು ಸಲ ಹೋದಾಗ ಅದನ್ನು ಮೊದಲು ನೋಡಿ. ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು. ಒಂದೊಂದು ಮೆಟ್ಟಿಲಿಗೂ ಒಂದು ಚಟುವಟಿಕೆ, ಅದಕ್ಕೊಂದು ಚಿತ್ರದ ಗುರುತು, ಒಂದು ಸಂಖ್ಯೆ. ಓದಲು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿ ತರುತ್ತದೆ. ಹದಿನೈದು ದಿನ ಬಿಟ್ಟು ಬಂದರೆ, ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಸುತ್ತದೆ. ಪಕ್ಕದವಳು ಮೂರು ಮೆಟ್ಟಿಲು ಮೇಲಿದ್ದರೆ ಇರಲಿ. ನನ್ನ ಮಟ್ಟಿಗೆ ಇಡೀ ಪದ್ಧತಿಯಲ್ಲಿ ಅತಿ ದೊಡ್ಡ ಸಂಗತಿ ಇದೇ. ಮಗು ಬಾರದ ದಿನಕ್ಕೆ ಅದಕ್ಕೆ ಶಿಕ್ಷೆ ಇಲ್ಲ.

ಅಕ್ಕೋರು ಒಂದೇ ಗುಂಪಿನ ಜೊತೆ ಕೂತಿದ್ದಕ್ಕೂ ಲೆಕ್ಕವಿದೆ. ಹೊಸ ವಿಷಯ ಕಲಿಯುವ ಮಕ್ಕಳು ಅವರ ಗುಂಪಿನಲ್ಲಿರುತ್ತಾರೆ. ಸ್ವಲ್ಪ ತಿಳಿದ ಮಕ್ಕಳದು ಇನ್ನೊಂದು ಗುಂಪು, ಅಲ್ಲಿಗೆ ಅವರು ಆಗಾಗ ಬಂದು ನೋಡುತ್ತಾರೆ. ಮತ್ತೊಂದು ಕಡೆ ಮಕ್ಕಳು ಮಕ್ಕಳನ್ನೇ ಕೇಳಿಕೊಂಡು ಮಾಡುತ್ತಾರೆ. ಚೆನ್ನಾಗಿ ಬಂದದ್ದನ್ನು ತಾವೇ ಅಭ್ಯಾಸ ಮಾಡುವವರದು ಕೊನೆಯ ಗುಂಪು. ಒಂದು ಕಾರ್ಡು ಮುಗಿದರೆ ಮಗು ಎದ್ದು ಇನ್ನೊಂದು ಗುಂಪಿಗೆ ಹೋಗುತ್ತದೆ. ಹಾಗಾಗಿ ಓಡಾಟ ಇರುತ್ತದೆ, ಮಾತು ಇರುತ್ತದೆ. ಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡುವ ಕೋಣೆ ಬಾಯಿ ಮುಚ್ಚಿಕೊಂಡು ಇರಲು ಆಗುವುದಿಲ್ಲ, ಅಲ್ವಾ?

ಇಂಥದೊಂದು ಕೋಣೆಯಲ್ಲಿ ನಾನು ನೋಡಿದ್ದನ್ನು ಹೇಳುತ್ತೇನೆ. ಎರಡನೇ ತರಗತಿಯ ಒಬ್ಬಳು ಹುಡುಗಿಗೆ 32ರಲ್ಲಿ 14 ಕಳೆಯುವ ಕಾರ್ಡು ಬಂದಿತ್ತು. ಅವಳ ಮುಂದೆ ಪೊರಕೆ ಕಡ್ಡಿಗಳು. ಹತ್ತು ಹತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದ ಮೂರು ಕಟ್ಟು, ಜೊತೆಗೆ ಎರಡು ಬಿಡಿ ಕಡ್ಡಿ. ನಾಲ್ಕು ತೆಗೆಯಬೇಕು, ಬಿಡಿ ಇರುವುದು ಎರಡೇ. ಆ ಎರಡನ್ನು ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು. ಪಕ್ಕದಲ್ಲಿ ಮೂರನೇ ತರಗತಿಯ ಹುಡುಗ ತನ್ನ ಕೆಲಸ ಬಿಟ್ಟು ನೋಡುತ್ತಿದ್ದ. ಉತ್ತರ ಹೇಳಲಿಲ್ಲ. 'ಒಂದು ಕಟ್ಟು ಬಿಚ್ಚು' ಅಂದ ಅಷ್ಟೇ. ಹುಡುಗಿ ಬ್ಯಾಂಡ್ ಬಿಚ್ಚಿದಳು, ಕಡ್ಡಿ ನೆಲದ ಮೇಲೆ ಚೆಲ್ಲಿದವು. ಎಣಿಸಿದಳು, ಹನ್ನೆರಡು. ನಾಲ್ಕು ಬದಿಗಿಟ್ಟಳು, ಎಂಟು ಉಳಿಯಿತು. ಉಳಿದ ಎರಡು ಕಟ್ಟಿನಲ್ಲಿ ಒಂದನ್ನು ಎತ್ತಿಟ್ಟಳು. ಆಮೇಲೆ ಸ್ಲೇಟಿನ ಮೇಲೆ 18 ಅಂತ ಬರೆದಳು. ನಾವೆಲ್ಲ ಚಿಕ್ಕವರಿದ್ದಾಗ 'ಪಕ್ಕದ ಮನೆಯಿಂದ ಒಂದು ಸಾಲ ತಗೋ' ಅಂತ ಕಲಿತೆವು. ಲೆಕ್ಕವೇನೋ ಬಂತು. ಆ ಒಂದು ಬಂದು ಹತ್ತಾಗುವುದು ಹೇಗೆ ಅನ್ನುವುದು ಆಗ ಎಷ್ಟು ಜನಕ್ಕೆ ತಿಳಿದಿತ್ತು? ಈ ಹುಡುಗಿಗೆ ಅದು ಕೈಯಲ್ಲೇ ಗೊತ್ತಾಯಿತು.

ಈಗ ನಿಮ್ಮನ್ನು ಜಾಸ್ತಿ ಕಾಡುತ್ತಿರುವ ವಿಷಯಕ್ಕೆ ಬರೋಣ. ಮೊಮ್ಮಗಳಿಗೆ ಅ ಆ ಇ ಈ ಬರುವುದಿಲ್ಲ. ನಲಿ-ಕಲಿಯಲ್ಲಿ ಅಕ್ಷರ ಕಲಿಸುವ ಕ್ರಮವೇ ಬೇರೆ. ಮೊದಲು ಬರುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಬರೆಯಲು ಸುಲಭವಾದ, ಪದ ಕಟ್ಟಲು ಒದಗುವ ಅಕ್ಷರಗಳು ಮುಂದೆ ಬಂದಿವೆ. ಮೊದಲ ಐದು ಅಕ್ಷರ ಬಂದರೆ ಸಾಕು, ಮಗು ಸರ, ರಸ, ಅರಸ, ಅಗಸ, ದಸರ, ಗರಗಸ ಅಂತ ಓದುತ್ತದೆ. ನಿಮ್ಮ ಪಕ್ಕದ ಜಿಲ್ಲೆಯ ಹೆಸರನ್ನೂ ಓದುತ್ತದೆ: ಗದಗ! ಇನ್ನೈದು ಸೇರಿದರೆ ಮರ, ಜನ, ನಗರ, ಬಸವ. ಅ ಆ ಇ ಈ ಉ ಅಂತ ಐದು ಕಲಿತ ಮಗುವಿಗೆ 'ಆ', 'ಈ' ಬಿಟ್ಟರೆ ಓದಲು ಏನೂ ಸಿಗುವುದಿಲ್ಲ. ವರ್ಣಮಾಲೆ ಬೇಡ ಅಂತಲ್ಲ. ಅದೂ ಬರಬೇಕು, ಮುಂದೆ ಬರುತ್ತದೆ. ಆದರೆ ಓದು ಅಂದರೆ ಅರ್ಥ ಇರುವುದು ಅಂತ ಆರು ವರ್ಷದ ಮಗುವಿಗೆ ಮೊದಲ ತಿಂಗಳುಗಳಲ್ಲೇ ಅನ್ನಿಸಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಹಾಗಾಗಿ ಇವತ್ತು ಸಂಜೆಯೇ ಒಂದು ಕೆಲಸ ಮಾಡಿ. ಸ್ಲೇಟಿನ ಮೇಲೆ ನೀವು 'ದಸರ' ಅಂತ ಬರೆಯಿರಿ, ಬಾಯಿ ಬಿಟ್ಟು ಹೇಳಬೇಡಿ. 'ಅಗಸ' ಬರೆಯಿರಿ. ಓದಿದಳು ಅಂದರೆ ಅವಳ ಓದು ಸರಿಯಾಗಿಯೇ ನಡೆದಿದೆ. ಮೂರು ತಿಂಗಳಾದ ಮೇಲೂ ಈ ಐದರಲ್ಲಿ ಒಂದನ್ನೂ ಗುರುತಿಸಲಿಲ್ಲ ಅಂದರೆ ನಿಮ್ಮ ಚಿಂತೆಗೆ ಕಾರಣ ಇದೆ. ಆಗ ಅಕ್ಕೋರ ಹತ್ತಿರ ಹೋಗಿ ಪ್ರಗತಿ ಹಾಳೆ ತೋರಿಸಿ ಅಂತ ಕೇಳಿ. ಪರೀಕ್ಷೆ ಇಲ್ಲ ಅಂತ ಬರೆದಿದ್ದೀರಿ. ಏಣಿಯಲ್ಲಿ ಆಗಾಗ ಮೌಲ್ಯಮಾಪನದ ಮೆಟ್ಟಿಲು ಬರುತ್ತದೆ, ಅದನ್ನು ದಾಟಿದ ಮೇಲೇ ಮಗು ಮುಂದೆ ಹೋಗುವುದು. ಎಲ್ಲರಿಗೂ ಒಂದೇ ದಿನ, ಬೆವರು ಸುರಿಸುವ ಪರೀಕ್ಷೆ ಇಲ್ಲ ಅಷ್ಟೇ. ಕೇಳುವುದು ನಿಮ್ಮ ಹಕ್ಕು, ಅಕ್ಕೋರು ಬೇಸರ ಮಾಡಿಕೊಳ್ಳುವ ಮಾತೇ ಇಲ್ಲ.

ಇಷ್ಟು ಹೇಳಿದ ಮೇಲೆ, ನಿಮ್ಮ ಪತ್ರದಲ್ಲಿರುವ ಒಂದು ಸಂಶಯಕ್ಕೆ ಪೂರ್ತಿ ಬೆಲೆ ಕೊಡಲೇಬೇಕು. ಈ ಪದ್ಧತಿ ನಿಂತಿರುವುದು ಶಿಕ್ಷಕರ ಸಮಯದ ಮೇಲೆ. ಹೊಸದನ್ನು ಕಲಿಯುವ ಗುಂಪಿನ ಜೊತೆ ಅಕ್ಕೋರು ದಿನವೂ ಕೂರಲೇಬೇಕು. ಆದರೆ ಎಷ್ಟೋ ಶಾಲೆಗಳಲ್ಲಿ ಅವರು ಅಕ್ಷರ ದಾಸೋಹದ ಲೆಕ್ಕ ಬರೆಯುತ್ತಿರುತ್ತಾರೆ, ಮೊಟ್ಟೆ ಎಣಿಸುತ್ತಿರುತ್ತಾರೆ, ಮೊಬೈಲಿನಲ್ಲಿ ಮಾಹಿತಿ ತುಂಬುತ್ತಿರುತ್ತಾರೆ, ಇಲ್ಲವೇ ಮತದಾರರ ಪಟ್ಟಿ ಹಿಡಿದು ಮನೆ ಮನೆ ತಿರುಗುತ್ತಿರುತ್ತಾರೆ. ಆಗ ಕೋಣೆಯಲ್ಲಿ ಉಳಿಯುವುದು ಬರೀ ಕಾರ್ಡು ಮತ್ತು ಗಲಾಟೆ. ಕಾರ್ಡುಗಳೂ ಸವೆದು, ಕೆಲವು ಕಳೆದುಹೋಗಿ, ಏಣಿಯ ಮಧ್ಯದ ಮೆಟ್ಟಿಲೇ ಇಲ್ಲದ ಶಾಲೆಗಳಿವೆ. ಇದು ನನಗೆ ತುಂಬ ನೋವಿನ ಸಂಗತಿ. ಒಳ್ಳೆಯ ಪದ್ಧತಿಗೆ ಕೆಟ್ಟ ಹೆಸರು ಬರುತ್ತಿರುವುದು ಇಲ್ಲಿಂದ. ಮೂರನೇ ತರಗತಿ ಮುಗಿಸಿ ನಾಲ್ಕಕ್ಕೆ ಹೋದಾಗ ಒಮ್ಮೆಗೇ ಪಠ್ಯಪುಸ್ತಕ, ಪ್ರಶ್ನೋತ್ತರ, ಪರೀಕ್ಷೆ ಎದುರಾಗಿ ಮಕ್ಕಳು ತಬ್ಬಿಬ್ಬಾಗುವುದೂ ನಿಜ. ಮೂರನೇ ತರಗತಿಯ ಕೊನೆಯ ತಿಂಗಳುಗಳಲ್ಲೇ ಪುಸ್ತಕ ಓದುವ ರೂಢಿ ಮಾಡಿಸುವ ಶಿಕ್ಷಕರಿದ್ದಾರೆ. ನಿಮ್ಮ ಅಕ್ಕೋರು ಹಾಗೆ ಮಾಡುತ್ತಾರಾ, ಕೇಳಿ ನೋಡಿ.

ಕಾನೂನು ನಿಮ್ಮ ಕಡೆಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು ಇರಲೇಬೇಕು. ಮಕ್ಕಳು ಚಟುವಟಿಕೆಯಿಂದ, ಹೆದರಿಕೆ ಇಲ್ಲದೆ ಕಲಿಯಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ನಿಮ್ಮ ಶಾಲೆಯಲ್ಲಿ ಎಷ್ಟು ಶಿಕ್ಷಕರಿದ್ದಾರೆ ಅಂತ ನೀವು ಬರೆದಿಲ್ಲ. ಒಬ್ಬರೇ ಇದ್ದರೆ, ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಕೂತು ಠರಾವು ಮಾಡಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ. ಆ ಸಮಿತಿಯಲ್ಲಿ ಪೋಷಕರು ಇರುವುದೇ ಇದಕ್ಕೆ. ನಿಮ್ಮ ಮಗ ಕಾನ್ವೆಂಟಿನ ಬಸ್ಸಿಗೆ, ಡೊನೇಷನ್ನಿಗೆ ಸಾಲ ಮಾಡುವ ಮೊದಲು ಈ ಸಭೆಗೆ ಒಂದು ಸಲ ಬರಲಿ.

ಅವನ ಆಸೆಯ ಹಿಂದೆ ಇಂಗ್ಲಿಷ್ ಇದೆ ಅಂತ ನನ್ನ ಊಹೆ. ಅದು ತಪ್ಪು ಆಸೆಯಲ್ಲ. ಸರ್ಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. 2019ರಲ್ಲಿ ರಾಜ್ಯದ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವೂ ಶುರುವಾಯಿತು. ಆದರೆ ಮನೆಯಲ್ಲಿ ಆಡುವ ಮಾತಿನಲ್ಲಿ ಓದು ಹತ್ತಿದ ಮಗು ಎರಡನೇ ಭಾಷೆಗೆ ಹೆದರುವುದಿಲ್ಲ ಅನ್ನುವುದನ್ನು ನಾನು ಎಷ್ಟೋ ಮಕ್ಕಳಲ್ಲಿ ಕಂಡಿದ್ದೇನೆ. ಮೊದಲು ಓದು ಹತ್ತಲಿ.

ಇನ್ನು ನಿಮ್ಮಿಂದಲೇ ಆಗಬೇಕಾದ ಒಂದು ಕೆಲಸ. ಆ ಕೋಣೆಯ ಗೋಡೆಯಲ್ಲಿ ಹವಾಮಾನ ನಕ್ಷೆ ಇರುತ್ತದೆ. ಬಿಸಿಲು, ಮೋಡ, ಮಳೆ ಅಂತ ಮಕ್ಕಳು ದಿನವೂ ಗುರುತು ಹಾಕುತ್ತಾರೆ. ತಿಂಗಳ ಕೊನೆಗೆ ಎಷ್ಟು ದಿನ ಮಳೆ ಬಂತು ಅಂತ ಎಣಿಸುತ್ತಾರೆ. ಮಳೆಯ ಬಗ್ಗೆ ನಿಮ್ಮಷ್ಟು ಬಲ್ಲವರು ಆ ಶಾಲೆಯಲ್ಲಿ ಯಾರಿದ್ದಾರೆ? ರೋಹಿಣಿ, ಮೃಗಶಿರ, ಆರಿದ್ರ ಅಂತ ಮಳೆಗಳ ಹೆಸರು ಹೇಳಿ, ಯಾವ ಮಳೆಗೆ ಏನು ಬಿತ್ತುತ್ತೀರಿ ಅಂತ ಹೇಳಿ. ಜೋಳ, ಹೆಸರು, ತೊಗರಿ, ಹತ್ತಿಯ ಬೀಜ ಒಂದೊಂದು ಹಿಡಿ ಒಯ್ಯಿರಿ, ಮಕ್ಕಳು ಎಣಿಸಲಿ, ಬೇರೆ ಬೇರೆ ಮಾಡಲಿ, ಅಕ್ಷರದ ಗೆರೆ ಮೇಲೆ ಜೋಡಿಸಲಿ. ಬೀಜ ಬಾಯಿಗೆ, ಮೂಗಿಗೆ ಹಾಕಿಕೊಳ್ಳದಂತೆ ಮಾತ್ರ ನೋಡಿಕೊಳ್ಳಿ. ಬಿತ್ತನೆಗೆ ಅಂತ ಔಷಧಿ ಸವರಿದ ಬೀಜ ಖಂಡಿತ ಬೇಡ. ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಅವರು ಬಿಡಿಸಿದ ಚಿತ್ರ ತೂಗುತ್ತಿರುತ್ತವೆ. ಅದರಲ್ಲಿ ಮೊಮ್ಮಗಳದು ಯಾವುದು ಅಂತ ಅವಳನ್ನೇ ಕೇಳಿ.

ಶನಿವಾರ ಬೆಳಗಿನ ಶಾಲೆ ಇರುತ್ತದೆ, ಅಕ್ಕೋರಿಗೆ ಮೊದಲೇ ಹೇಳಿ ಅವತ್ತು ಹೋಗಿ. 'ದಸರ' ಓದಿದಳೋ ಇಲ್ಲವೋ, ಪ್ರಗತಿ ಹಾಳೆಯಲ್ಲಿ ಏನಿತ್ತು, ಶಾಲೆಯಲ್ಲಿ ಶಿಕ್ಷಕರು ಎಷ್ಟು ಜನ, ಯಾವ ಕಾರ್ಡು ಇಲ್ಲ ಅನ್ನುವುದನ್ನು ನಮಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಈ ಪುಟವನ್ನು ನಿಮ್ಮ ಪತ್ರಕ್ಕೇ ಇಟ್ಟಿರುತ್ತೇವೆ. ಬೇರೆ ಊರುಗಳ ಅಜ್ಜ ಅಜ್ಜಿಯರೂ, ನಲಿ-ಕಲಿ ತರಗತಿ ನಡೆಸುವ ಶಿಕ್ಷಕರೂ ತಾವು ಕಂಡದ್ದನ್ನು ಬರೆದು ಕಳಿಸಬಹುದು.

– ಸಂಪಾದಕ