ನಾಲೆ ಮೇಲೆ ರಾಗಿ, ನಾಲೆ ಕೆಳಗೆ ಭತ್ತ

ಪ್ರಶ್ನೆ: ಮೇಡಂ, ನಾನು ಮಂಡ್ಯ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಹೊಸ ಮೇಷ್ಟ್ರು. ನೀರಾವರಿ ಪಾಠ ಬಂದರೆ ಮಕ್ಕಳು ನದಿ, ಅಣೆಕಟ್ಟಿನ ಹೆಸರು ಉರು ಹೊಡೆಯುತ್ತಾರೆ. ಭೂಪಟದಲ್ಲಿ ಗುರುತಿಸಿ ಎಂದರೆ ಕೆ.ಆರ್.ಎಸ್. ರಾಯಚೂರಿನ ಹತ್ತಿರ ಹೋಗಿರುತ್ತದೆ. ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ರೇಖೆಯಂತೂ ತಲೆಗೇ ಹತ್ತುವುದಿಲ್ಲ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಭಾರತದ ಭೂಪಟವನ್ನು ಎರಡು ವಾರ ಸುತ್ತಿ ಬೀರುವಿನ ಮೇಲೆ ಇಡಿ. ಮೊದಲು ಮಕ್ಕಳನ್ನು ಒಂದು ಮಾತು ಕೇಳಿ. ನಾಲೆಯ ಒಂದು ಪಕ್ಕ ಭತ್ತ, ಕಬ್ಬು. ಇನ್ನೊಂದು ಪಕ್ಕ ರಾಗಿ, ಹುರುಳಿ. ನೀರು ಇಬ್ಬರಿಗೂ ಹತ್ತಿರವೇ ಇದೆ, ಹಂಗ್ಯಾಕೆ? 'ನೀರು ಮೇಲಕ್ಕೆ ಹತ್ತಲ್ಲ ಸಾರ್' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾಂಟೂರ್ ಪಾಠವನ್ನು ಅಲ್ಲಿಂದ ಶುರು ಮಾಡಿ.

ಕೆ.ಆರ್.ಎಸ್.ನಿಂದ ಬರುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೇರ ಹೋಗದೆ ಯಾಕೆ ಸುತ್ತಿ ಬಳಸಿ ಹೋಗುತ್ತದೆ? ಬೇಗ ಕೆಳಗಿಳಿದುಬಿಟ್ಟರೆ ಅದಕ್ಕಿಂತ ಮೇಲಿನ ಜಮೀನಿಗೆ ನೀರು ಸಿಗುವುದಿಲ್ಲ. ಅದಕ್ಕೇ ಎತ್ತರ ಬಿಟ್ಟುಕೊಡದೆ, ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಹುಲಿಕೆರೆ ಹತ್ತಿರ ದಿಣ್ಣೆ ಅಡ್ಡ ಬಂತು, ಸುರಂಗ ಕೊರೆದರು. ಇಷ್ಟಾದ ಮೇಲೆ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ನಕ್ಷೆ ಬಿಚ್ಚಿ. ಕಂದು ಬಣ್ಣದ ಕಾಂಟೂರ್ ಗೆರೆಯಿಂದ ಗೆರೆಗೆ 20 ಮೀಟರ್ ಎತ್ತರದ ವ್ಯತ್ಯಾಸ. ನಾಲೆ ಆ ಗೆರೆಗಳ ಜೊತೆಜೊತೆಗೇ ಸಾಗುವುದನ್ನು ಮಕ್ಕಳೇ ಬೆರಳಿಟ್ಟು ತೋರಿಸುತ್ತಾರೆ.

ಜುಲೈನಲ್ಲಿ ಇನ್ನೊಂದು ಕೆಲಸ ಕೊಡಿ. ಕನ್ನಂಬಾಡಿಯ, ಅಂದರೆ ಕೆ.ಆರ್.ಎಸ್.ನ, ನೀರಿನ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ ಅಲ್ವಾ, ಅದನ್ನು ಗ್ರಾಫ್ ಹಾಳೆಗೆ ಹಾಕಿಸಿ. ಗರಿಷ್ಠ ಮಟ್ಟ 124.80 ಅಡಿ, ಆ ಗೆರೆಯನ್ನು ಮೊದಲೇ ಕೆಂಪಿನಲ್ಲಿ ಎಳೆಸಿ. ಕೆಳಗೆ ಮಡಿಕೇರಿಯ ಮಳೆ, ಮಂಡ್ಯದ ಮಳೆ ಬರೆಯಲಿ. ಇಲ್ಲಿ ಬರೀ ತುಂತುರು, ಕಟ್ಟೆ ಮಾತ್ರ ಏರುತ್ತಿದೆ! ಪಶ್ಚಿಮ ಘಟ್ಟ, ಮುಂಗಾರು, ಮಳೆ ನೆರಳಿನ ಪ್ರದೇಶ ಎಲ್ಲವನ್ನೂ ಆ ಹಾಳೆ ಇಟ್ಟುಕೊಂಡೇ ಹೇಳಬಹುದು. ನಮ್ಮ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದನ್ನು ಮನೆಯಲ್ಲಿ ಅಜ್ಜಂದಿರನ್ನು ಕೇಳಿಕೊಂಡು ಬರಲಿ.

ಇತಿಹಾಸಕ್ಕೆ ಬೇರೆ ಪೀರಿಯಡ್ ಬೇಕಿಲ್ಲ. ನಾಲೆಯ ಮೊದಲಿನ ಹೆಸರು ಇರ್ವಿನ್ ನಾಲೆ. ನೀರು ಬಂತು, ಕಬ್ಬು ಬಂತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. ಪೌರನೀತಿಗೆ ಕಾವೇರಿ ನೀರು ಹಂಚಿಕೆಯ 2018ರ ಸುಪ್ರೀಂ ಕೋರ್ಟ್ ತೀರ್ಪು ತಗೊಳ್ಳಿ, ಕರ್ನಾಟಕಕ್ಕೆ 14.75 ಟಿಎಂಸಿ ಜಾಸ್ತಿ ಸಿಕ್ಕಿದ್ದು. ಅರ್ಧ ಕ್ಲಾಸು ಮಂಡ್ಯದ ರೈತರ ಪರ, ಇನ್ನರ್ಧ ತಂಜಾವೂರಿನ ರೈತರ ಪರ ವಾದ ಮಾಡಲಿ. ತಂಜಾವೂರಿನ ಪರ ಯಾರೂ ಏಳುವುದಿಲ್ಲ, ನೀವೇ ನಿಲ್ಲಬೇಕಾಗುತ್ತದೆ. ಗಲಾಟೆ ಆದರೆ ಆಗಲಿ ಬಿಡಿ, ಸುಮ್ನೆ ಕೂತು ನೋಟ್ಸ್ ಬರೆಯುವುದಕ್ಕಿಂತ ವಾಸಿ.

ಒಂದು ಎಚ್ಚರಿಕೆ. ನೀರು ಬಿಟ್ಟಿರುವಾಗ ಮಕ್ಕಳನ್ನು ದೊಡ್ಡ ನಾಲೆಯ ಏರಿಗೆ ಕರೆದುಕೊಂಡು ಹೋಗಬೇಡಿ. ಊರ ಪಕ್ಕದ ಸಣ್ಣ ಕಾಲುವೆ ಸಾಕು. ಜೊತೆಗೆ ಇನ್ನೊಬ್ಬ ಮೇಷ್ಟ್ರಿರಲಿ, ಹೆಡ್‌ಮಾಸ್ಟರಿಗೆ ಮೊದಲೇ ಬರೆದು ಕೊಡಿ.