ಬಸದಿಗೆ ಎಲ್‌ಇಡಿ ಬೇಕೇ?

ಓದುಗರ ಪತ್ರ: ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗಿದ್ದೆವು. ಚೆನ್ನಾಗಿದೆ, ಆದರೆ ಒಳಗೆ ಕತ್ತಲೆ ಜಾಸ್ತಿ. ವಯಸ್ಸಾದವರು ಎಡವುತ್ತಾರೆ. ಟೈಲ್ಸ್ ಹಾಕಿ, ನಾಲ್ಕು ಎಲ್‌ಇಡಿ ಕೂರಿಸಿದರೆ ಏನು ನಷ್ಟ?
— ಓದುಗರೊಬ್ಬರು, ತುಮಕೂರು

ಸಂಪಾದಕರ ಉತ್ತರ: ವಯಸ್ಸಾದವರು ಎಡವಬಾರದು, ಒಪ್ಪಿದೆ. ಮೆಟ್ಟಿಲ ಹತ್ತಿರ ಹಿಡಿದುಕೊಳ್ಳಲು ಒಂದು ಕಂಬಿ ಇರಲಿ. ಟೈಲ್ಸ್ ಮಾತ್ರ ಬೇಡ ಮಾರಾಯರೇ. ಒದ್ದೆ ಕಾಲಿಗೆ ಜಾರುವುದು ಅದೇ ಅಲ್ವಾ?

ಆ ಕತ್ತಲೆ ಸುಮ್ನೆ ಬಂದದ್ದಲ್ಲ. 1430ರ ಬಸದಿ ಅದು. ಕರಾವಳಿಯ ಮಳೆ ಗೊತ್ತಿದ್ದವರು ಕಟ್ಟಿದ್ದು. ಅದಕ್ಕೇ ಮಾಡು ಇಳಿಜಾರು, ಸೂರು ತಗ್ಗು. ಕೆಳಗೆ ಕಲ್ಲು, ಮೇಲಿನ ಅಂತಸ್ತುಗಳಿಗೆ ಮರ. ಒಂದರ ಹಿಂದೊಂದು ಮಂಟಪ ದಾಟಿದಂತೆ ಬೆಳಕು ಇಳಿಯುತ್ತ ಹೋಗುತ್ತದೆ. ಕೊನೆಗೆ ದೀಪದ ಬೆಳಕಿನಲ್ಲಿ ಜೈನ ತೀರ್ಥಂಕರ ಚಂದ್ರನಾಥನ ಲೋಹದ ಮೂರ್ತಿ. ಅಲ್ಲಿ ಎಲ್‌ಇಡಿ ಉರಿಸಿದರೆ ಬಸದಿ ಒಡವೆ ಅಂಗಡಿಯ ಹಾಗೆ ಕಾಣುತ್ತದೆ. ಕಣ್ಣು ಹೊಂದಿಕೊಳ್ಳುವ ತನಕ ಒಂದು ಕಂಬಕ್ಕೆ ಒರಗಿ ನಿಲ್ಲಬೇಕಿತ್ತು ನೀವು. ನಿಮಗೆ ಬಸ್ಸಿನ ಅವಸರ ಇತ್ತೋ ಏನೋ.

ಕತ್ತಲೆಯನ್ನು ದೂರಿದಿರಿ, ಸರಿ. ಬೆಳಕಿದ್ದಲ್ಲಾದರೂ ನೋಡಿದಿರಾ? ಭೈರಾದೇವಿ ಮಂಟಪದ ಜಗಲಿಯ ತಳದಲ್ಲಿ ಒಂದು ಜಿರಾಫೆ ಕೆತ್ತಿದ್ದಾರೆ. ಚೀನಾದ ಡ್ರ್ಯಾಗನ್ನೂ ಇದೆ. ಬಗ್ಗಿ ನೋಡಿದವರಿಗೆ ಮಾತ್ರ ಕಾಣುತ್ತದೆ. ತುಳುನಾಡಿನ ಶಿಲ್ಪಿಗೆ ಆಫ್ರಿಕಾದ ಪ್ರಾಣಿ ಗೊತ್ತಾದದ್ದು ಹೇಗೆ? ಕಡಲ ವ್ಯಾಪಾರಿಗಳ ಬಾಯಿಂದಲೇ ಇರಬೇಕು. ಇಂಥದರ ಮೇಲೆ ಒಂದು ಕೋಟು ಎನಾಮೆಲ್ ಪೇಂಟ್ ಬಿದ್ದರೆ ಕತೆ ಮುಗಿಯಿತು.

ಹೆದರಿಸಲು ಹೇಳುತ್ತಿಲ್ಲ, ಊರೂರಲ್ಲಿ ನಡೆಯುತ್ತಿರುವುದೇ ಇದು. ನನಗೆ ಗೊತ್ತಿರುವ ಒಂದು ದೇವಸ್ಥಾನದಲ್ಲಿ ಕೆಂಪುಕಲ್ಲಿನ ಗೋಡೆಗೆ ಸಿಮೆಂಟ್ ಬಳಿದು ಟೈಲ್ಸ್ ಅಂಟಿಸಿದರು. ಹಳೆಯ ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತಿತ್ತು, ಸಿಮೆಂಟ್ ಬಿಡುವುದಿಲ್ಲ. ಎರಡು ಮಳೆಗಾಲಕ್ಕೆ ಟೈಲ್ಸ್ ಸಂದಿಯಿಂದ ನೀರು ಜಿನುಗತೊಡಗಿತು. ಸಮಿತಿಯವರು ಏನು ಮಾಡಿದರು ಅಂತೀರಿ? ಇನ್ನೂ ದಪ್ಪದ ಟೈಲ್ಸ್ ತಂದರು! ಹಳೆಯ ಕಲ್ಲಿನ ಬಾಗಿಲವಾಡ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿದೆ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೂ ಒಮ್ಮೆ ಹೋಗಿ ಬನ್ನಿ. 1900ರ ಆಸುಪಾಸಿನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಗೋಡೆ, ಸೂರು ಬಿಡದೆ ಚಿತ್ರ ಬರೆದರು. ಅವು ಹಾಳಾಗತೊಡಗಿದಾಗ ಯಾರೂ ಸುಣ್ಣ ಬಳಿಯಲಿಲ್ಲ. 1990ರ ದಶಕದಲ್ಲಿ ತಿಳಿದವರನ್ನು ಕರೆಸಿ ಸರಿಮಾಡಿಸಿದರು. ನಮ್ಮ ಜೀರ್ಣೋದ್ಧಾರ ಸಮಿತಿಗಳಿಗೆ ಮೊದಲು ನೆನಪಾಗುವುದು ಗ್ರಾನೈಟ್ ಅಂಗಡಿ, ಆಮೇಲೆ ದಾನಿಗಳ ಹೆಸರಿನ ಫಲಕ.

ನಿಮ್ಮೂರಲ್ಲೂ ಹಳೆಯ ಗುಡಿ ಇದ್ದೇ ಇರುತ್ತದೆ. ಸಮಿತಿ ಸಭೆ ಸೇರುವ ಮೊದಲೇ ಅದರ ನೆಲ, ಕಂಬ, ಬಾಗಿಲವಾಡದ ಫೋಟೊ ತೆಗೆದು ಕಳಿಸಿ, ಅಚ್ಚು ಹಾಕೋಣ.
— ಸಂ.